ಸಮ್ಮೇಳನ ಧಾರವಾಡದಲ್ಲಿ, ಪ್ರವಾಸ ಗೋವಾಕ್ಕೆ



ವಿಚಾರ ಸಂಕಿರಣ, ಸಮ್ಮೇಳನ ಎಂದು ಧಾರವಾಡಕ್ಕೆ ಬರುವ ವಿದ್ವಾಂಸರಿಗೆ ನಾವು ಧಾರವಾಡವೊಂದನ್ನು ಬಿಟ್ಟು ಉಳಿದುದನ್ನೆಲ್ಲ ತೋರಿಸಿ ಕಳಿಸುತ್ತಿದ್ದೇವೆ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯಗಳ ಜೊತೆಗೆ ಈಗ ಐಐಟಿ, ಐಐಐಟಿಗಳೂ ಇರುವ ಊರಿದು; ಸಮ್ಮೇಳನಗಳಿಗೆ ಬರವಿಲ್ಲ. ಈಚೆಗೆ ನನ್ನ ಕೈಗೆ ಬಂದ ಒಂದು ಮೂರು ದಿನಗಳ ಸಮ್ಮೇಳನದ ಬ್ರೋಷರಿನಲ್ಲಿ ಕೊನೆಯ ದಿನ ಊಟದ ನಂತರ 'ಪ್ರೇಕ್ಷಣೀಯ ಸ್ಥಳಗಳ ಭೇಟಿ' ಎಂದಿತ್ತು. ಸ್ಥಳ ಗೋವಾ. ಹೋಗಲಿಕ್ಕೆ ನಾಲ್ಕು ತಾಸು, ತಿರುಗಿ ಬರಲಿಕ್ಕೆ ನಾಲ್ಕು ತಾಸು. ಖರ್ಚು ನೋಂದಣಿ ಶುಲ್ಕದಲ್ಲೇ ಸೇರಿದೆ, ಬಾರದವರಿಗೆ ಹಣ ವಾಪಸಿಲ್ಲ. ಗೋವಾ ಆಗದಿದ್ದರೆ ದಾಂಡೇಲಿ. ಅಲ್ಲಿ ಕಾಳಿ ನದಿಯಲ್ಲಿ ರ‍್ಯಾಫ್ಟಿಂಗ್.

ಸಮುದ್ರ ನೋಡಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಈ ಪ್ರವಾಸದ ಬೆಲೆ ತೆರುವವರು ಯಾರೆಂಬುದನ್ನು ಸಂಘಟಕರು ಒಮ್ಮೆ ಗಮನಿಸಬೇಕು. ಕೊನೆಯ ದಿನದ ಗೋಷ್ಠಿಗಳಲ್ಲಿ ಪ್ರಬಂಧ ಓದುವವರು ದೊಡ್ಡ ಹೆಸರಿನವರಲ್ಲ. ದೊಡ್ಡವರ ಭಾಷಣ ಉದ್ಘಾಟನೆಯ ದಿನವೇ ಮುಗಿದು, ಅವರು ಶಾಲು ಹೊದ್ದು, ವಿಮಾನ ಹಿಡಿದು ಹೋಗಿರುತ್ತಾರೆ. ಉಳಿದವರು ಸಂಶೋಧನ ವಿದ್ಯಾರ್ಥಿಗಳು, ಸಣ್ಣ ಊರಿನ ಕಾಲೇಜುಗಳಿಂದ ಅನ್ಯಕಾರ್ಯ ನಿಮಿತ್ತ (ಒಒಡಿ) ರಜೆ ಪಡೆದು ಬಂದ ಅತಿಥಿ ಉಪನ್ಯಾಸಕರು. ಹದಿನೈದು ನಿಮಿಷವೆಂದು ಹೇಳಿ ಕರೆಸಿದ ಇವರಿಗೆ ವೇದಿಕೆಯ ಮೇಲೆ ಐದೇ ನಿಮಿಷ ಸಿಗುತ್ತದೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಸಭಾಂಗಣದ ಹಿಂದಿನ ಸಾಲುಗಳು ಬ್ಯಾಗು ಹೆಗಲಿಗೇರಿಸಿಕೊಂಡು ಏಳುತ್ತವೆ. ಇಂಥದೊಂದು ಗೋಷ್ಠಿಗೆ ಬಸ್ಸಿನ ಡ್ರೈವರನೇ ಬಾಗಿಲಲ್ಲಿ ನಿಂತು, "ಸರ್, ಲಗೂ ಮುಗಸ್ರಿ, ಅನಮೋಡ ಘಾಟಿನಾಗ ಕತ್ತಲಾಗ್ತದ" ಎಂದದ್ದನ್ನು ನಾನೇ ಕೇಳಿದ್ದೇನೆ. ಅವನ ತಪ್ಪೇನಿಲ್ಲ, ಘಾಟು ಘಾಟೇ. ವೇದಿಕೆಯ ಮೇಲಿದ್ದ ಹುಡುಗಿ ಮಾತ್ರ ಎರಡು ವರ್ಷದ ಕೆಲಸವನ್ನು ಮೂರು ವಾಕ್ಯಕ್ಕೆ ಇಳಿಸಿ ಕೆಳಗಿಳಿದಳು. ಪ್ರಮಾಣಪತ್ರ ಸಿಕ್ಕಿತು, ಪ್ರಶ್ನೆ ಒಂದೂ ಬರಲಿಲ್ಲ.

ಇಷ್ಟೆಲ್ಲ ಮಾಡಿ ಬಂದವರು ನೋಡದೆ ಹೋದದ್ದೇನು? ವಿಶ್ವವಿದ್ಯಾಲಯದ ಅತಿಥಿಗೃಹದಲ್ಲೇ ಉಳಿದ ಇತಿಹಾಸದ ಪ್ರಾಧ್ಯಾಪಕರಿಗೆ 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆ ಅದೇ ಆವರಣದಲ್ಲಿದೆ, ಅಲ್ಲಿ ಶಿಲ್ಪ, ಶಾಸನ, ಹಸ್ತಪ್ರತಿಗಳಿವೆ ಎಂದು ಯಾರೂ ಹೇಳುವುದಿಲ್ಲ. ಕರ್ನಾಟಕ ಕಾಲೇಜಿನ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತೆಂಬುದು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವರಿಗೂ ಗೊತ್ತಾಗುವುದಿಲ್ಲ. ಸಾಹಿತ್ಯದವರಿಗಾದರೆ ಸಾಧನಕೇರಿಯಿದೆ, 1890ರ ವಿದ್ಯಾವರ್ಧಕ ಸಂಘವಿದೆ, 1933ರಿಂದ ಪುಸ್ತಕ ಪ್ರಕಟಿಸುತ್ತ ಬಂದ ಮನೋಹರ ಗ್ರಂಥಮಾಲೆಯ ಅಟ್ಟವಿದೆ. ಗಿರೀಶ ಕಾರ್ನಾಡರ ನಾಟಕಗಳು ಹೊರಬಂದದ್ದು ಆ ಅಟ್ಟದಿಂದ. ಸಂಗೀತದವರಿಗೆ ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ'. ಇನ್ನೊಂದಿಷ್ಟು ದೂರ ಹೋಗುವ ಮನಸ್ಸಿದ್ದರೆ ಕುಂದಗೋಳ. ಸವಾಯಿ ಗಂಧರ್ವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದ ಊರು, ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲಿದ್ದು ಕಲಿತ ಊರು. ಅಲ್ಲಿನ ನಾಡಗೇರ ವಾಡೆಯ ಹೆಸರು ಕೇಳಿದರೆ ಪುಣೆ, ಕೋಲ್ಕತ್ತದ ಸಂಗೀತ ವಿದ್ವಾಂಸರು ಗೋವಾದ ಬಸ್ಸು ಹತ್ತುವರೇ?

ವಿಷಯ ಯಾವುದೇ ಇರಲಿ, ಎಲ್ಲ ಅತಿಥಿಗಳಿಗೂ ತೋರಿಸಲೇಬೇಕಾದ್ದು ಹುಬ್ಬಳ್ಳಿಯ ಬೆಂಗೇರಿ. ದೇಶದ ಸರಕಾರಿ ಕಚೇರಿಗಳ ಮೇಲೆ ಹಾರುವ ಖಾದಿ ರಾಷ್ಟ್ರಧ್ವಜ ಭಾರತೀಯ ಮಾನಕ ಸಂಸ್ಥೆಯ ಮಾನ್ಯತೆಯೊಂದಿಗೆ ಸಿದ್ಧವಾಗುವುದು ಅಲ್ಲಿ. ಬಣ್ಣ ಹಾಕುವುದು, ಅಳತೆ ಹಿಡಿದು ಕತ್ತರಿಸುವುದು, ಬಟ್ಟೆಯ ಎರಡೂ ಬದಿಗೆ ಅಶೋಕಚಕ್ರ ಒಂದರ ಮೇಲೊಂದು ಕೂಡುವಂತೆ ಅಚ್ಚೊತ್ತುವುದು, ಹೊಲಿಗೆ ಯಂತ್ರಗಳ ಮುಂದೆ ಕುಳಿತ ಹೆಣ್ಣುಮಕ್ಕಳು, ಕೊನೆಗೆ ಒಂದೊಂದನ್ನೂ ಪರೀಕ್ಷಿಸಿ ದೋಷವಿದ್ದುದನ್ನು ತೆಗೆದುಹಾಕುವವರ ಕಣ್ಣು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂದು ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಸಿಕ್ಕ ಮೇಲೆ ಈ ಕೈಗಳಿಗೆ ಎದುರಾದ ಕಷ್ಟ ಅರ್ಥಶಾಸ್ತ್ರದ ಸಮ್ಮೇಳನಕ್ಕೆ ಬಂದವರಿಗೆ ಯಾವ ಪ್ರಬಂಧಕ್ಕೂ ಕಡಿಮೆಯಲ್ಲದ ಪಾಠ. ಧ್ವಜದ ಖಾದಿಗೆ ಹೆಸರಾದ ಗರಗ ಧಾರವಾಡ ತಾಲ್ಲೂಕಿನಲ್ಲೇ ಇದೆ. ಎರಡನ್ನೂ ಸೇರಿಸಿದರೂ ಅರ್ಧ ದಿನ ಸಾಕು, ರಾತ್ರಿಯ ಊಟಕ್ಕೆ ಎಲ್ಲರೂ ವಾಪಸು.

ತೋರಿಸಬೇಕೆಂದರೆ ತೋರಿಸುವಂತೆ ಇಟ್ಟುಕೊಂಡಿದ್ದೇವೆಯೇ ಎಂದು ಸಂಘಟಕರು ನನ್ನನ್ನು ಕೇಳಬಹುದು. ಆ ದೂರು ಸುಳ್ಳಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚಾಲುಕ್ಯರ ಕಾಲದ ಗುಡಿ. ಸುತ್ತ ಮನೆಗಳು ಒತ್ತಿಕೊಂಡು, ದೊಡ್ಡ ಬಸ್ಸು ಹತ್ತಿರ ಸುಳಿಯುವುದೂ ಕಷ್ಟ. ಟೆಂಪೊ ಟ್ರಾವೆಲರುಗಳು ಹೋಗುತ್ತವೆ ಬಿಡಿ, ಅಷ್ಟು ಸಾಕು. ಗಂಗೂಬಾಯಿ ಹುಟ್ಟಿದ ಶುಕ್ರವಾರಪೇಟೆಯ ಮನೆಯ ಸ್ಥಿತಿಯ ಬಗ್ಗೆ ಪತ್ರಿಕೆಗಳು ಎಷ್ಟೋ ಸಲ ಬರೆದಿವೆ. ಇವನ್ನು ಸರಿಯಾಗಿಡುವುದು ಮಹಾನಗರ ಪಾಲಿಕೆ, ಪ್ರವಾಸೋದ್ಯಮ ಇಲಾಖೆ, ಸಂಸ್ಕೃತಿ ಇಲಾಖೆಗಳ ಹೊಣೆ. ಆದರೆ ಹೊರಗಿನಿಂದ ಬಂದು ನೋಡುವವರೇ ಇಲ್ಲದ ಜಾಗವನ್ನು ಯಾವ ಇಲಾಖೆ ತಾನಾಗಿ ಸರಿಪಡಿಸೀತು?

ಪೇಢೆಯ ವಿಷಯ ನಾನು ಎತ್ತುವುದಿಲ್ಲ. ಲೈನ್ ಬಜಾರಿನ ದಾರಿಯನ್ನು ಅತಿಥಿಗಳು ಯಾರೂ ಹೇಳದಿದ್ದರೂ ಕಂಡುಕೊಳ್ಳುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರವಾಸವನ್ನು ಸಮ್ಮೇಳನದ ಕೊನೆಯ ದಿನದಿಂದ ತೆಗೆದು ಉದ್ಘಾಟನೆಯ ಹಿಂದಿನ ದಿನದ ಮಧ್ಯಾಹ್ನಕ್ಕೆ ಇಡಿ. ಬೆಂಗಳೂರಿನಿಂದ ವಂದೇ ಭಾರತ್ ರೈಲಿನಲ್ಲಿ ಒಂದು ದಿನ ಮೊದಲೇ ಬಂದವರು ಲಾಡ್ಜಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಪ್ರವಾಸದ ಶುಲ್ಕವನ್ನು ನೋಂದಣಿಯಿಂದ ಬೇರೆ ಮಾಡಿ. ಸಂಶೋಧನ ವಿದ್ಯಾರ್ಥಿ ತಾನು ಹತ್ತದ ಬಸ್ಸಿಗೆ ಹಣ ಕಟ್ಟಬೇಕಾಗಿಲ್ಲ. ದಾರಿ ತೋರಿಸಲು ಟ್ರಾವೆಲ್ ಏಜೆನ್ಸಿಯವರ ಬದಲು ಇತಿಹಾಸ, ಕನ್ನಡ, ಸಂಗೀತ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಗೌರವಧನ ಕೊಟ್ಟು ಕರೆಯಿರಿ. ಬೆಂಗೇರಿಗೆ, ಸಂಶೋಧನ ಸಂಸ್ಥೆಗೆ ವಾರ ಮೊದಲೇ ಪತ್ರ ಬರೆದು ರಜೆಯ ದಿನವಲ್ಲವೆಂದು ಖಚಿತ ಮಾಡಿಕೊಳ್ಳಿ. ಗೋವಾಕ್ಕೆ ಹೋಗುವವರು ಸಮಾರೋಪ ಮುಗಿದ ಮೇಲೆ ತಮ್ಮ ಖರ್ಚಿನಲ್ಲಿ ಹೋಗಲಿ, ಬೇಕಾದರೆ ಬಸ್ಸಿನ ನಂಬರನ್ನು ನಾನೇ ಕೊಡುತ್ತೇನೆ. ಬರುವ ಚಳಿಗಾಲದ ಸಮ್ಮೇಳನಗಳ ಬ್ರೋಷರುಗಳು ಇನ್ನೂ ಅಚ್ಚಿಗೆ ಹೋಗಿರಲಾರವು. ಕುಲಸಚಿವರು, ಪ್ರಾಚಾರ್ಯರು ಅನುಮತಿಯ ಸಹಿ ಹಾಕುವ ಮುನ್ನ ಮೂರನೆಯ ದಿನದ ವೇಳಾಪಟ್ಟಿಯನ್ನೊಮ್ಮೆ ಓದಲಿ.

— ನಿವೃತ್ತ ಪ್ರಾಧ್ಯಾಪಕ, ಧಾರವಾಡ