ಶಾಲಾ ಗೇಟಿನಿಂದ ಐವತ್ತು ಮೀಟರು

ಹೋದ ಮಳೆಗಾಲದಲ್ಲಿ ಹುಣಸೂರು–ಪಿರಿಯಾಪಟ್ಟಣ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಊರಿನ ಸರ್ಕಾರಿ ಶಾಲೆಗೆ ಹೋಗಿದ್ದೆ. ಅಲ್ಲಿಯ ಎರಡು ಕೊಠಡಿಗಳು ನಾನು ನೌಕರಿಯಲ್ಲಿದ್ದಾಗ ಕಟ್ಟಿಸಿದವು. ಗೋಡೆಯಲ್ಲಿ ಬಿರುಕು ಕಂಡಿದೆ, ಒಮ್ಮೆ ಬಂದು ನೋಡಿ ಎಂದು ಮುಖ್ಯೋಪಾಧ್ಯಾಯರು ಕರೆದಿದ್ದರು. ನೋಡಿದೆ, ಗಾರೆ ಬಿರಿದಿತ್ತೇ ಹೊರತು ಗೋಡೆಗೆ ಏನೂ ಆಗಿರಲಿಲ್ಲ. ಆದರೆ ಬಿಸಿಯೂಟದ ಹೊತ್ತಿನಲ್ಲಿ ಕಂಡದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಮಕ್ಕಳು ಸಾಲಾಗಿ ಕುಳಿತಿದ್ದವು. ಬಿಸಿ ಅನ್ನ, ಬೇಳೆ ತರಕಾರಿಯ ಸಾಂಬಾರು. ಅಡುಗೆ ಚೆನ್ನಾಗಿಯೇ ಇತ್ತು, ನಾನೂ ಒಂದು ತುತ್ತು ಉಂಡೆ. ಆದರೂ ಅರ್ಧದಷ್ಟು ತಟ್ಟೆಗಳಲ್ಲಿದ್ದ ಅನ್ನ ಬಕೆಟ್ಟಿಗೆ ಹೋಯಿತು. ಯಾಕಮ್ಮ ಎಂದು ಅಡುಗೆಯವರನ್ನು ಕೇಳಿದೆ. "ಬೆಳಗ್ಗೇನೆ ಪಾಕೀಟು ತಿಂದ್ಬಿಟ್ಟಿರ್ತವೆ ಸ್ವಾಮಿ, ಊಟ ಎಲ್ಲಿ ಸೇರುತ್ತೆ?" ಎಂದರು ಆ ತಾಯಿ. ಗೇಟಿನ ಹೊರಗೆ ಬಂದು ನೋಡಿದರೆ ಎದುರಿನ ಗೂಡಂಗಡಿಯಲ್ಲಿ ಐದು, ಹತ್ತು ರೂಪಾಯಿಯ ಪಾಕೀಟುಗಳು ಸರಸರವಾಗಿ ತೂಗಾಡುತ್ತಿದ್ದವು. ಚಿಪ್ಸ್, ಕುರುಕಲು, ಕ್ರೀಮ್ ಬಿಸ್ಕತ್ತು, ಬಣ್ಣದ ಜೆಲ್ಲಿ, ಹಣ್ಣಿನ ಚಿತ್ರವಿರುವ ಸಕ್ಕರೆ ನೀರು. ಹೆಜ್ಜೆ ಹಾಕಿ ಅಳೆದೆ. ಗೇಟಿನಿಂದ ಅಂಗಡಿಗೆ ಹದಿನೆಂಟು ಹೆಜ್ಜೆ.

ಈ ಮಾತನ್ನು ಮಠಗಳ ಮೂಲಕ ಮನೆಮನೆ ತಲುಪುವ ಈ ಪತ್ರಿಕೆಯಲ್ಲಿ ಏಕೆ ಬರೆಯುತ್ತಿದ್ದೇನೆ? ಕಾರಣ, ಆ ಬಿಸಿಯೂಟದ ಹೆಸರೇ ಅಕ್ಷರ ದಾಸೋಹ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲಾ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರ ಜೂನ್‌ನಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾದ ಯೋಜನೆ ಮುಂದೆ ರಾಜ್ಯದ ಎಲ್ಲೆಡೆ ಬಂತು. ಸರ್ಕಾರ ಅದಕ್ಕೆ ಶರಣರ ಮಾತನ್ನೇ ಹೆಸರಾಗಿ ಇಟ್ಟಿತು. ದಾಸೋಹವೆಂದರೆ ಹೊಟ್ಟೆ ತುಂಬಿಸುವುದಷ್ಟೇ ಅಲ್ಲ. ಒಂದೇ ಸಾಲು, ಒಂದೇ ಅಡುಗೆ, ಯಾರ ಮಗು ಎಂದು ಕೇಳದ ಬಡಿಸುವಿಕೆ. ಗೇಟಿನ ಎದುರಿನ ಅಂಗಡಿ ಈ ಸಾಲನ್ನು ಒಡೆಯುತ್ತಿದೆ. ಜೇಬಿನಲ್ಲಿ ಹತ್ತು ರೂಪಾಯಿ ಇರುವ ಮಗು ಪಾಕೀಟು ಹರಿಯುತ್ತದೆ, ಇಲ್ಲದ ಮಗು ಅದರ ಬಾಯಿ ನೋಡುತ್ತದೆ. ಇದೂ ಒಂದು ಪಂಕ್ತಿಭೇದ. ಇನ್ನೂ ವಿಚಿತ್ರವೆಂದರೆ, ಇಲ್ಲಿ ಹಣವಿದ್ದ ಮಗುವೇ ಕೆಟ್ಟದ್ದನ್ನು ತಿನ್ನುವುದು.

ನಾನು ವೈದ್ಯನಲ್ಲ, ಲೆಕ್ಕ ಮಾತ್ರ ಬಲ್ಲೆ. ಎಂಟು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕಿಲೊಕ್ಯಾಲರಿ ಬೇಕು. ಹೊರಗಿನಿಂದ ಸೇರಿಸಿದ ಸಕ್ಕರೆ ಇದರ ಶೇ 10ನ್ನು ಮೀರಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಒಂದು ಗ್ರಾಂ ಸಕ್ಕರೆಗೆ ನಾಲ್ಕು ಕಿಲೊಕ್ಯಾಲರಿಯಂತೆ, ಶೇ 5 ಎಂದರೆ 21 ಗ್ರಾಂ. ಚಹಾ ಚಮಚದಲ್ಲಿ ನಾಲ್ಕರಿಂದ ಐದು. ಹಣ್ಣಿನ ಪಾನೀಯವೆಂದು ಮಾರುವ ಡಬ್ಬಿಗಳ ಮೇಲೆ 100 ಮಿ.ಲೀ.ಗೆ 12ರಿಂದ 14 ಗ್ರಾಂ ಸಕ್ಕರೆ ಎಂದು ಬರೆದಿರುವುದು ಸಾಮಾನ್ಯ. 150 ಮಿ.ಲೀ. ಕುಡಿದರೆ ಇಡೀ ದಿನದ ಪಾಲು ಮುಗಿಯಿತು. ಕ್ರೀಮ್ ಬಿಸ್ಕತ್ತಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸಕ್ಕರೆಯೇ. ಎರಡನ್ನೂ ತಿಂದು ಮಗು ಪ್ರಾರ್ಥನೆಗೆ ನಿಲ್ಲುತ್ತದೆ.

ಸಕ್ಕರೆ ಒಂದು ಭಾಗ ಮಾತ್ರ. ಬ್ರೆಜಿಲಿನ ಸಾವೊ ಪಾವ್ಲೊ ವಿಶ್ವವಿದ್ಯಾಲಯದ ಕಾರ್ಲೊಸ್ ಮೊಂಟೆರೊ ಎಂಬ ವಿಜ್ಞಾನಿ 2009ರಿಂದ ಅತಿ ಸಂಸ್ಕರಿತ ಆಹಾರ ಎಂಬ ವಿಂಗಡಣೆಯನ್ನು ಮುಂದಿಟ್ಟಿದ್ದಾರೆ. ನಮಗೆ ಅರ್ಥವಾಗುವಂತೆ ಹೇಳಬೇಕಾದರೆ, ಯಾವ ಪಾಕೀಟಿನ ಹಿಂದೆ ನಮ್ಮ ಅಡುಗೆಮನೆಯಲ್ಲಿ ಇಲ್ಲದ ಪದಾರ್ಥಗಳ ಪಟ್ಟಿ ಇದೆಯೋ ಅದು ಅತಿ ಸಂಸ್ಕರಿತ. ಇನ್ವರ್ಟ್ ಸಿರಪ್, ಮಾಲ್ಟೊಡೆಕ್ಸ್‌ಟ್ರಿನ್, ಎಮಲ್ಸಿಫೈಯರ್, ಕೃತಕ ಬಣ್ಣ ಯಾವ ತಾಯಿಯ ಡಬ್ಬಿಯಲ್ಲಿವೆ? 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನ ವಯಸ್ಕರನ್ನು ನಾಲ್ಕು ವಾರ ಇರಿಸಿಕೊಂಡು ಎರಡು ವಾರ ಅತಿ ಸಂಸ್ಕರಿತ ಆಹಾರ, ಎರಡು ವಾರ ಸಾಧಾರಣ ಆಹಾರ ಕೊಟ್ಟರು. ಬೇಕಾದಷ್ಟು ತಿನ್ನಿ ಎಂದರು. ಅತಿ ಸಂಸ್ಕರಿತ ಆಹಾರವಿದ್ದಾಗ ಅದೇ ಜನ ದಿನಕ್ಕೆ ಸುಮಾರು 500 ಕಿಲೊಕ್ಯಾಲರಿ ಹೆಚ್ಚು ತಿಂದರು. ದೊಡ್ಡವರ ಗತಿಯೇ ಹೀಗಾದರೆ ಮಕ್ಕಳಿಗೆ "ಬಾಯಿ ಕಟ್ಟು" ಎಂದು ಬೈದು ಏನು ಪ್ರಯೋಜನ?

ಇದರ ಫಲ ಕಾಣಿಸುತ್ತಿದೆ. ಕೇಂದ್ರ ಸರ್ಕಾರ 2016–18ರಲ್ಲಿ ನಡೆಸಿದ ಮಕ್ಕಳ ಪೋಷಣೆಯ ಸಮೀಕ್ಷೆಯಲ್ಲಿ ಶಾಲಾ ವಯಸ್ಸಿನ ಹತ್ತು ಮಕ್ಕಳಲ್ಲಿ ಒಬ್ಬರಿಗೆ ಮಧುಮೇಹದ ಹೊಸ್ತಿಲ ಲಕ್ಷಣ ಕಂಡಿತ್ತು. ಇನ್ನೊಂದು ಕಡೆ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸಕ್ಕರೆ ಹೆಚ್ಚು, ರಕ್ತ ಕಡಿಮೆ. ಪಾಕೀಟು ಹೊಟ್ಟೆ ತುಂಬಿಸಿ ಊಟದ ಜಾಗ ಕಸಿಯುವುದರಿಂದ ಎರಡೂ ಒಟ್ಟಿಗೆ ಬೆಳೆಯುತ್ತವೆ. ನನಗೆ ಸಕ್ಕರೆ ಕಾಯಿಲೆ ಬಂದದ್ದು ಐವತ್ತು ದಾಟಿದ ಮೇಲೆ. ಈ ಮಕ್ಕಳಿಗೆ ಮೂವತ್ತಕ್ಕೇ ಬಂದರೆ ಹೊಲ ಉಳುವವರು ಯಾರು, ಮನೆ ನಡೆಸುವವರು ಯಾರು?

ಇಲ್ಲಿ ನಮ್ಮ ಸಮಾಜದ ಬಗ್ಗೆ ಒಂದು ಕಹಿ ಮಾತು ಆಡಲೇಬೇಕು. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ನಮ್ಮಲ್ಲಿ ಹಲವರು ಬೀದಿಗಿಳಿದರು. 2025ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ ಮೊಟ್ಟೆಯ ಕಾರಣಕ್ಕೇ ಅನೇಕ ಪೋಷಕರು ಮಕ್ಕಳನ್ನು ಶಾಲೆ ಬಿಡಿಸಿದರು. ಮೊಟ್ಟೆಯ ಪರ ವಿರೋಧ ಈ ಲೇಖನದ ವಿಷಯವಲ್ಲ. ತಿನ್ನುವವರು ತಿನ್ನಲಿ, ಬೇಡದವರು ಬಿಡಲಿ. ಆದರೆ ಮೊಟ್ಟೆ ಬೇಡವೆಂದ ನಮ್ಮ ಮಕ್ಕಳಿಗೆ ಬದಲಿಗೆ ಸಿಕ್ಕಿದ್ದು ಬಾಳೆಹಣ್ಣು ಅಥವಾ ಕಡಲೆಬೀಜದ ಚಿಕ್ಕಿ. ಸಕ್ಕರೆ, ಕೊಬ್ಬು ಹೆಚ್ಚಿದೆ, ಗುಣಮಟ್ಟ ಸರಿಯಿಲ್ಲ ಎಂದು 2025ರ ಆರಂಭದಲ್ಲಿ ಶಿಕ್ಷಣ ಇಲಾಖೆಯೇ ಆ ಚಿಕ್ಕಿಯನ್ನು ನಿಲ್ಲಿಸಿತು. ಅಲ್ಲಿಯವರೆಗೆ ನಮ್ಮಲ್ಲಿ ಎಷ್ಟು ಜನ ಆ ಚಿಕ್ಕಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೆವು? ಪಾಕೀಟಿನ ಮೇಲೆ ಹಸಿರು ಚುಕ್ಕೆ ಇದ್ದರೆ ನಮಗೆ ಸಮಾಧಾನ. ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಒಳ್ಳೆಯ ಆಹಾರ ಎಂದು ಹೇಳುವುದಿಲ್ಲ. ತಟ್ಟೆಗೆ ಏನು ಬೀಳಬಾರದು ಎಂಬುದಕ್ಕೆ ತೋರಿದ ಸಿಟ್ಟಿನ ಕಾಲುಭಾಗವನ್ನಾದರೂ ಮಕ್ಕಳ ಬ್ಯಾಗಿನಲ್ಲಿ ಏನಿದೆ ಎಂಬುದಕ್ಕೆ ತೋರಿದ್ದರೆ ಎಷ್ಟೋ ಶಾಲೆಗಳ ಗೇಟಿನ ಎದುರು ಈ ಸರಗಳು ಇರುತ್ತಿರಲಿಲ್ಲ.

ಕಾನೂನು ಇಲ್ಲವೆಂದೇನೂ ಅಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಸೆಪ್ಟೆಂಬರ್‌ನಲ್ಲಿ ಶಾಲಾ ಮಕ್ಕಳ ಆಹಾರದ ನಿಯಮ ಹೊರಡಿಸಿ, 2021ರ ಜುಲೈ 1ರಿಂದ ಜಾರಿಗೆ ತಂದಿದೆ. ಕೊಬ್ಬು, ಸೇರಿಸಿದ ಸಕ್ಕರೆ ಅಥವಾ ಉಪ್ಪು ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ ಯಾವ ದಿಕ್ಕಿಗಾದರೂ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ, ಜಾಹೀರಾತು ಹಾಕುವಂತಿಲ್ಲ. ಹಾಗೆಂದು ಗೇಟಿನ ಬಳಿ ಫಲಕ ಹಾಕಬೇಕಾದ್ದು ಶಾಲೆಯ ಹೊಣೆ. ಹೊಗೆಸೊಪ್ಪು ಬೆಳೆಯುವ ನಮ್ಮ ಹುಣಸೂರು, ಪಿರಿಯಾಪಟ್ಟಣದಲ್ಲಿ ಶಾಲೆಯಿಂದ 100 ಗಜದೊಳಗೆ ಬೀಡಿ ಸಿಗರೇಟು ಮಾರಬಾರದೆಂಬ 2003ರ ಕಾಯಿದೆ ಬಹಳ ಜನಕ್ಕೆ ಗೊತ್ತು. ಈ 50 ಮೀಟರಿನ ಮಾತು ಗೊತ್ತಿರುವವರು ನನಗೆ ಇನ್ನೂ ಸಿಕ್ಕಿಲ್ಲ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ಸಕ್ಕರೆ ಫಲಕ ಹಾಕಿ, ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಎಂದು ಮಕ್ಕಳಿಗೆ ತೋರಿಸಲು ಹೇಳಿತು. ಚಿಲಿ ದೇಶದಲ್ಲಿ 2016ರಿಂದ ಇಂಥ ತಿನಿಸಿನ ಮೇಲೆ ಕಪ್ಪು ಮುದ್ರೆ ಇರಬೇಕು, ಮುದ್ರೆ ಇದ್ದದ್ದನ್ನು ಶಾಲೆಯೊಳಗೆ ಮಾರುವಂತಿಲ್ಲ. ಮೆಕ್ಸಿಕೊ 2025ರ ಮಾರ್ಚ್‌ನಿಂದ ಶಾಲೆಗಳಲ್ಲಿ ಇವನ್ನು ನಿಷೇಧಿಸಿದೆ.

ಕಾನೂನು ಹಿಡಿದು ಬಡವರ ಮೇಲೆ ಬೀಳಬೇಕೆಂದು ನಾನು ಹೇಳುತ್ತಿಲ್ಲ. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ತಾಯಿ ತಂದೆ ಬೆಳಗಿನ ಜಾವವೇ ಬ್ಯಾರನ್ ಮುಂದೆ ಇರುತ್ತಾರೆ. ಶುಂಠಿ ಹೊಲದ ಕೂಲಿಗೆ ಗಾಡಿ ಹತ್ತುವ ಹೆಂಗಸಿಗೆ ಮಗುವಿಗೆ ರೊಟ್ಟಿ ತಟ್ಟಿಕೊಡಲು ಪುರುಸೊತ್ತಿಲ್ಲ. ಎಚ್.ಡಿ. ಕೋಟೆಯ ಹಾಡಿಗಳಿಂದ ಕೊಡಗಿನ ಕಾಫಿ ತೋಟಕ್ಕೆ ಹೋಗುವ ಜೇನುಕುರುಬರ ಮನೆಗಳಲ್ಲಂತೂ ಮಕ್ಕಳನ್ನು ಅಜ್ಜಿಯರೇ ನೋಡಿಕೊಳ್ಳಬೇಕು. ಕೈಗಿಟ್ಟ ಹತ್ತು ರೂಪಾಯಿ ಪ್ರೀತಿಯ ದುಡ್ಡು. ಆ ಪ್ರೀತಿಯನ್ನು ಬೈಯುವ ಹಕ್ಕು ನಮಗಿಲ್ಲ, ಅದೇ ಹತ್ತು ರೂಪಾಯಿಗೆ ಒಳ್ಳೆಯದು ಸಿಗುವಂತೆ ಮಾಡುವ ಹೊಣೆ ಇದೆ. ಗೂಡಂಗಡಿಯ ಅಕ್ಕನ ಹೊಟ್ಟೆಪಾಡೂ ಮುಖ್ಯ. ಆಕೆ ಹುರಿದ ಕಡಲೆಕಾಯಿ, ಹುರಿಗಡಲೆ, ಕಡಲೆಪುರಿ, ಬಾಳೆಹಣ್ಣು, ಸೀಬೆ, ಬೇಯಿಸಿದ ಗೆಣಸು, ಹುರಳಿ ಗುಗ್ಗರಿ ಇಟ್ಟರೆ ಕೊಳ್ಳುವವರಿರಬೇಕು. ಊರಿನ ಸ್ವಸಹಾಯ ಸಂಘದ ಹೆಂಗಸರು ಕಾಳು ಹುರಿದು ಪೊಟ್ಟಣ ಕಟ್ಟಿಕೊಟ್ಟರೆ ಆ ಕಾಯಕದ ಹಣ ಊರಲ್ಲೇ ಉಳಿಯುತ್ತದೆ.

ಕಬ್ಬು ಬೆಳೆಯುವ ಕೆ.ಆರ್. ನಗರದ ಗೆಳೆಯರೊಬ್ಬರು, "ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತೀರಾ?" ಎಂದು ನಗುತ್ತ ಕೇಳಿದರು. ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಮುಚ್ಚಿದಾಗ ಕಷ್ಟಪಟ್ಟ ರೈತನಿಗೆ ಮಕ್ಕಳ ಜೆಲ್ಲಿ ಪಾಕೀಟು ನೆರವಾಗಲಿಲ್ಲ. ಇನ್ನೂ ಒಂದು ನಿಜ ಒಪ್ಪಿಕೊಳ್ಳೋಣ. ಬೆಲ್ಲವೂ ಸಕ್ಕರೆಯೇ. ಮನೆಯದ್ದು, ಹಳೆಯದು ಎಂದ ಮಾತ್ರಕ್ಕೆ ದಿನವೂ ತಿನ್ನುವಂಥದ್ದಾಗುವುದಿಲ್ಲ. ಕ್ಷೀರಭಾಗ್ಯದ ಹಾಲಿಗೆ ಹಾಕುವ ಸಕ್ಕರೆಯನ್ನೂ ಮೆಲ್ಲಗೆ ಕಡಿಮೆ ಮಾಡಬಹುದು. ಹಬ್ಬದ ಹೋಳಿಗೆ, ಜಾತ್ರೆಯ ಪಾಯಸ ಹಬ್ಬಕ್ಕೆ, ಜಾತ್ರೆಗೆ ಇರಲಿ.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಶಾಲೆಯ ಅಂದಾಜು ಪಟ್ಟಿಯಲ್ಲಿ ಕೊಠಡಿ, ಕಾಂಪೌಂಡು, ಗೇಟು, ಧ್ವಜಕಟ್ಟೆ, ಕುಡಿಯುವ ನೀರಿನ ಕೊಳಾಯಿ ಎಲ್ಲವೂ ಇದ್ದವು. ಹಣ ಸಾಲದಾಗ ನಾವು ಕೈಬಿಟ್ಟದ್ದು ಕೊಳಾಯಿಯನ್ನು. ಆ ಕಡತಕ್ಕೆ ನನ್ನ ರುಜುವೂ ಇದೆ. ಧ್ವಜಕಟ್ಟೆಗೆ ಕಲ್ಲು ಹೊದಿಸಿದೆವು, ಬಾಯಾರಿದ ಮಗು ಅಂಗಡಿಗೆ ಓಡಿತು. ಶಾಲೆಯಲ್ಲಿ ಒಳ್ಳೆಯ ನೀರು ಇಲ್ಲದೆ ಸಕ್ಕರೆ ನೀರು ಕುಡಿಯಬೇಡ ಎನ್ನುವುದು ಬರಿಯ ಉಪದೇಶ.

ಆದ್ದರಿಂದ ನನ್ನ ಬಿನ್ನಹ ಇಷ್ಟು. ಮಠಗಳ ಆಡಳಿತದಲ್ಲಿರುವ ಶಾಲೆ, ವಿದ್ಯಾರ್ಥಿ ನಿಲಯಗಳಿಂದಲೇ ಇದು ಶುರುವಾಗಲಿ. ಅಲ್ಲಿ ಪಾಕೀಟು ತಿನಿಸು ಮಾರುವುದು, ಬಹುಮಾನವಾಗಿ ಚಾಕೊಲೇಟು ಹಂಚುವುದು ನಿಲ್ಲಲಿ. ಹುಟ್ಟುಹಬ್ಬಕ್ಕೆ ಮಗು ಶಾಲೆಯ ಗ್ರಂಥಾಲಯಕ್ಕೆ ಒಂದು ಪುಸ್ತಕ ಕೊಡಲಿ, ಇಲ್ಲವೇ ತರಗತಿಗೆ ಬಾಳೆಹಣ್ಣು ತರಲಿ. ಸಿದ್ಧಗಂಗೆಯಲ್ಲಿ ಮುದ್ದೆ ಸಾರು ಉಂಡು ಓದಿ ದೊಡ್ಡವರಾದ ಸಾವಿರಾರು ಜನ ನಮ್ಮ ನಡುವೆಯೇ ಇದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅದನ್ನು ಯಾವ ಕಂಪನಿಯೂ ನಮಗೆ ಕಲಿಸಿಕೊಡಬೇಕಿಲ್ಲ. ಪೂಜ್ಯರು ಊರೂರಿಗೆ ಪ್ರವಚನಕ್ಕೆ ಬಂದಾಗ ಐದು ನಿಮಿಷ ಈ ಮಾತು ಆಡಿದರೆ, ಇಲಾಖೆಯ ಸುತ್ತೋಲೆ ಮಾಡದ ಕೆಲಸ ಆಗುತ್ತದೆ.

ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿಯವರು ಒಂದು ಸಭೆ ಕರೆದು ನಿರ್ಣಯ ಬರೆಯಲಿ. ಟೇಪು ಹಿಡಿದು ಗೇಟಿನಿಂದ 50 ಮೀಟರ್ ಅಳೆದು ಗುರುತು ಹಾಕಲಿ, ಫಲಕ ನಿಲ್ಲಿಸಲಿ. ಅಂಗಡಿಯವರನ್ನು ಸಭೆಗೆ ಕರೆದು ಕೂರಿಸಿ ಮಾತಾಡಲಿ, ಮಾಲು ಬದಲಿಸಲು ಒಂದೆರಡು ತಿಂಗಳು ಸಮಯ ಕೊಡಲಿ. ಗ್ರಾಮ ಪಂಚಾಯಿತಿ ಮೊದಲು ಕೊಳಾಯಿ ಹಾಕಲಿ. ಮೇಷ್ಟ್ರು ಒಂದು ಗಾಜಿನ ಬಾಟಲಿಯಲ್ಲಿ 20 ಗ್ರಾಂ ಸಕ್ಕರೆ ತುಂಬಿ ತರಗತಿಯ ಕಿಟಕಿಯಲ್ಲಿಟ್ಟು, ಪಕ್ಕದಲ್ಲಿ ಖಾಲಿ ಪಾನೀಯದ ಡಬ್ಬಿ ಇಟ್ಟರೆ ಅದೇ ಸಕ್ಕರೆ ಫಲಕ. ಮಕ್ಕಳು ಮನೆಗೆ ಹೋಗಿ ಅಜ್ಜಿಗೆ ಹೇಳುತ್ತವೆ.

ನಾನು ಆ ಶಾಲೆಯ ಮುಖ್ಯೋಪಾಧ್ಯಾಯರಿಗೆ ಮಾತು ಕೊಟ್ಟು ಬಂದಿದ್ದೇನೆ. ಕೊಳಾಯಿಯ ಪೈಪು ಎಳೆಸುವ ಅಂದಾಜು ನಾನು ಮಾಡಿಕೊಡುತ್ತೇನೆ, ನಲ್ಲಿಗಳ ಖರ್ಚು ನನ್ನ ಪಿಂಚಣಿಯಿಂದ. ಅಳೆಯುವ ಟೇಪು ಮನೆಯಲ್ಲೇ ಇದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಯಾವ ಊರಿನ ಶಾಲೆಯವರು ಕರೆದರೂ ಟೇಪು ಹಿಡಿದು ಬರುತ್ತೇನೆ. ನನ್ನಂತೆ ನಿವೃತ್ತರಾಗಿ ಮನೆಯಲ್ಲಿರುವ ಬಂಧುಗಳು ತಮ್ಮೂರಿನ ಶಾಲೆಗೆ ಒಮ್ಮೆ ಊಟದ ಹೊತ್ತಿಗೆ ಹೋಗಿ, ಬಕೆಟ್ಟಿಗೆ ಎಷ್ಟು ಅನ್ನ ಹೋಗುತ್ತಿದೆ ಎಂದು ನೋಡಿ ಬನ್ನಿ.