ಫಾರ್ವರ್ಡ್ ಮಾಡಿದ ಧೈರ್ಯ

ಕೆಲಸ ಹೋದವರಿಗೆ, ಮದುವೆ ಮಾತು ಮುರಿದವರಿಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ತಪ್ಪದೆ ಬರುವ ಮೆಸೇಜ್ ಒಂದಿದೆ: ದೇವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತಾನೆ. ಜೊತೆಗೊಂದು ಸೂರ್ಯೋದಯದ ಫೋಟೊ. ಬೆಂಗಳೂರಿನಲ್ಲಿ ಕೆಲಸ ಕಳಕೊಂಡು ಬೈಂದೂರಿನ ಮನೆಗೆ ಬಂದ ಗೆಳೆಯನೊಬ್ಬ ನನ್ನ ಹತ್ರ ಹೇಳಿದ: "ಒಂದೇ ದಿನ ಹದಿನೇಳು ಬಾಗಿಲು ಬಂತು ಮಾರಾಯ. ಮನೆ ಬಾಗಿಲಿಗೆ ಮಾತ್ರ ಯಾರೂ ಬರ್ಲಿಲ್ಲ."

ಅಂದ ಹಾಗೆ, ಆ ಬಾಗಿಲಿನ ಮಾತು ಬೈಬಲಿನಲ್ಲಿ ಇಲ್ಲವೇ ಇಲ್ಲ. ಬೈಬಲಿನಲ್ಲಿ ಇರುವುದು ಬಾರ್ನಬ. ಅವನ ನಿಜವಾದ ಹೆಸರು ಜೋಸೆಫ್. 'ಪ್ರೋತ್ಸಾಹದ ಮಗ' ಎಂಬರ್ಥದ ಅಡ್ಡಹೆಸರು ಇಟ್ಟವರು ಪ್ರೇಷಿತರು. ಆದರೆ ಅವನು ಮಾಡಿದ ಭಾಷಣ ಯಾರಿಗೂ ನೆನಪಿಲ್ಲ. ಸೌಲನನ್ನು ಕಂಡು ಜೆರುಸಲೇಮಿನವರೆಲ್ಲ ಹೆದರಿ ದೂರ ನಿಂತಾಗ ಅವನನ್ನು ಕರಕೊಂಡು ಹೋಗಿ ಪ್ರೇಷಿತರ ಎದುರು ನಿಲ್ಲಿಸಿದವ ಇವನೇ. ಆಮೇಲೆ ಅದೇ ಸೌಲ, ಅಂದರೆ ಪೌಲ, ಅರ್ಧ ದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಇಬ್ಬರಿಗೂ ಜೋರು ಜಗಳವೇ ಆಯ್ತು. ಬಾರ್ನಬ ಮಾರ್ಕನನ್ನು ಕರಕೊಂಡು ಸೈಪ್ರಸ್ಸಿಗೆ ಹಡಗು ಹತ್ತಿದ. ರೆಸ್ಯೂಮೆಯಲ್ಲಿ ಗ್ಯಾಪ್ ಇದ್ದವನಿಗೆ ಎರಡನೇ ಚಾನ್ಸ್ ಕೊಡುವ ಮ್ಯಾನೇಜರ್ ಎಷ್ಟು ಜನ ಸಿಗ್ತಾರೆ ಹೇಳಿ?

ನಮ್ಮ ಕಡೆಗೂ ಒಬ್ಬ ಜೋಸೆಫ್ ಬಂದಿದ್ದರು. ಗೋವೆಯ ಬೆನಾವ್ಲಿಮಿನ ಜೋಸೆಫ್ ವಾಜ್. ಅವರು ಹೋಗಬೇಕೆಂದು ಕೇಳಿದ್ದು ಸಿಲೋನಿಗೆ. ಅಲ್ಲಿ ಡಚ್ಚರು ಕಥೋಲಿಕ ಪೂಜೆಯನ್ನು ನಿಷೇಧಿಸಿದ್ದರು, ಪಾದ್ರಿಗಳೇ ಇರಲಿಲ್ಲ. ಆದರೆ 1681ರಲ್ಲಿ ಅವರನ್ನು ಕಳಿಸಿದ್ದು ಕೆನರಾಕ್ಕೆ. ಕೇಳಿದ ಪೋಸ್ಟಿಂಗ್ ಸಿಗಲಿಲ್ಲ. ಹೋದ ಜಾಗದಲ್ಲೋ, ಯಾವ ಬಿಷಪ್ಪರ ಮಾತು ಕೇಳಬೇಕೆಂದು ಪಾದ್ರಿಗಳೊಳಗೇ ಜಗಳ. ಅದರ ನಡುವೆ ಅವರು ಕುಂದಾಪುರ, ಬಸ್ರೂರು, ಗಂಗೊಳ್ಳಿ ಅಂತ ಸುತ್ತಿದರು. ಮಕ್ಕಳಿಗೆ ಸಣ್ಣ ಸಣ್ಣ ಶಾಲೆ ತೆರೆದರು. 1684ರಲ್ಲಿ ಗೋವೆಗೆ ವಾಪಸ್.

ಕೊನೆಗೂ 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ತಲುಪಿದರು. ಯಾರ ಮನೆ ಕಥೋಲಿಕರದ್ದು ಅಂತ ಗೊತ್ತಾಗಬೇಕಲ್ಲ? ಕುತ್ತಿಗೆಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಮಾಲೆಯನ್ನು ನೋಡಿ ಯಾರ ಮುಖ ಬದಲಾಗುತ್ತದೆಂದು ಗಮನಿಸುವುದೇ ಅವರ ಸರ್ವೆ. ಮೂವತ್ತು ವರ್ಷ ಕದ್ದುಮುಚ್ಚಿ ಪ್ರಾರ್ಥನೆ ಮಾಡಿದವರಿಗೆ ಆ ಮಾಲೆ ಕಂಡಾಗ ಏನನಿಸಿರಬಹುದು! ಕ್ಯಾಂಡಿಯಲ್ಲಿ ಗೂಢಚಾರನೆಂದು ಅವರನ್ನು ಸೆರೆಯಲ್ಲಿಟ್ಟರು. 1697ರಲ್ಲಿ ಅಲ್ಲಿ ಸಿಡುಬು ಹಬ್ಬಿದಾಗ ಊರು ಬಿಟ್ಟು ಓಡದೆ ರೋಗಿಗಳ ಸೇವೆಗೆ ನಿಂತರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಹಾಗಂತ ಆಶಾವಾದ ಬೇಡ ಎನ್ನುತ್ತಿಲ್ಲ. ನಮ್ಮ ಕೊಂಕಣಿ ಥ್ಯಾಂಕ್ಸ್ ಇದೆಯಲ್ಲ, 'ದೇವ್ ಬರೆಂ ಕರುಂ', ಅದರ ಅರ್ಥವೇ ದೇವರು ಒಳ್ಳೆಯದು ಮಾಡಲಿ ಅಂತ. ಆದರೆ ಅದನ್ನು ಹೇಳುವುದು ಯಾರಾದರೂ ಏನಾದರೂ ಮಾಡಿದ ಮೇಲೆ. ನೋವಲ್ಲಿ ಇದ್ದವನಿಗೆ 'ಪಾಸಿಟಿವ್ ಆಗಿರು' ಅಂದರೆ ಅವನ ತಲೆಗೆ ಇನ್ನೊಂದು ಕೆಲಸ ಹೊರಿಸಿದ ಹಾಗೆ. ಇನ್ನು ಮೇಲೆ ಅವನು ನಗುವುದನ್ನೂ ಮಾಡಬೇಕು. ಅದಕ್ಕಿಂತ ಒಂದು ಭಾನುವಾರ ಪೂಜೆ ಮುಗಿಸಿ ಬೈಕು ತಿರುಗಿಸಿಕೊಂಡು ಹೋಗಿ. ಮಾತು ಬರದಿದ್ದರೂ ಅಡ್ಡಿಲ್ಲ, ಕ್ರಿಕೆಟ್ ನೋಡಿ ಬನ್ನಿ.

ವಾಜರ ಜೀವನಚರಿತ್ರೆಯಲ್ಲಿ ನನಗೆ ಇಷ್ಟವಾದ ಪ್ರಸಂಗ ಪವಾಡದ್ದಲ್ಲ. ಜಾಫ್ನಾಕ್ಕೆ ಬಂದ ಹೊಸತರಲ್ಲಿ ಅವರು ಕಾಯಿಲೆ ಬಿದ್ದು ದಾರಿ ಬದಿಯಲ್ಲಿ ಮಲಗಿದ್ದರಂತೆ. ಅವರು ಯಾರು, ಎಲ್ಲಿಯವರು ಎಂದು ಗೊತ್ತಿಲ್ಲದ ಹೆಂಗಸರು ಗಂಜಿ ತಂದುಕೊಟ್ಟು ಉಳಿಸಿದರು. ಗಂಜಿಯ ಜೊತೆ ಉಪ್ಪಿನಕಾಯಿ ಇತ್ತೋ ಇಲ್ಲವೋ, ಚರಿತ್ರೆಕಾರರು ಬರೆದಿಲ್ಲ. ಕುಂದಾಪುರದವರು ಬರೆದಿದ್ದರೆ ಅದನ್ನು ಬಿಡ್ತಿರಲಿಲ್ಲ.