ಬೇಸಗೆಯ ಸಂಗೀತ ಮತ್ತು ಬಾಳಿನ ಶಿಕ್ಷಣ

ಸಂಗೀತವನ್ನು ಕಲಿತ ಬಾಲಕನು ಮುಂದೆ ಸಂಗೀತಗಾರನಾಗದಿದ್ದರೆ ಅವನು ಕಲಿತದ್ದೆಲ್ಲವೂ ವ್ಯರ್ಥವಾಯಿತೆ? ಮಕ್ಕಳ ಬೇಸಗೆಯ ರಜೆಯನ್ನು ಯಾವ ವಿಧದಲ್ಲಿ ಸದುಪಯೋಗಪಡಿಸಬೇಕೆಂದು ಆಲೋಚಿಸುವ ತಂದೆತಾಯಿಗಳು ಒಂದಿಲ್ಲೊಂದು ದಿನ ಈ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ. ಇದಕ್ಕೆ ಊಹೆಯಿಂದ ಉತ್ತರ ಹೇಳುವುದಕ್ಕಿಂತ, ಇಂತಹ ಪ್ರಯೋಗವನ್ನು ಬಹುಕಾಲದಿಂದ ನಡೆಯಿಸಿಕೊಂಡು ಬಂದಿರುವ ಒಂದು ಸಂಸ್ಥೆಯ ಚರಿತ್ರೆಯನ್ನು ನೋಡುವುದು ಲೇಸೆಂದು ನಮಗೆ ತೋರುತ್ತದೆ. ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿರುವ ಇಂಟರ್‌ಲಾಕನ್ ಶಿಬಿರವು ಅಂತಹ ಒಂದು ಸಂಸ್ಥೆ.

1926ರಲ್ಲಿ ಜೋಸೆಫ್ ಮ್ಯಾಡಿ ಎಂಬ ಸಂಗೀತ ಶಿಕ್ಷಕರು ಆ ದೇಶದ ನಾನಾ ಊರುಗಳ ಪ್ರೌಢಶಾಲೆಗಳಿಂದ ವಿದ್ಯಾರ್ಥಿಗಳನ್ನು ಆರಿಸಿ ತಂದು ಡೆಟ್ರಾಯಿಟ್ ನಗರದಲ್ಲಿ ಒಂದು ವಾದ್ಯವೃಂದವನ್ನು ನುಡಿಸಿದರು. ಕೆಲವೇ ದಿನಗಳ ಆ ಸಹವಾಸವು ಸಾಲದೆಂಬುದನ್ನು ಕಂಡು, 1928ರ ಬೇಸಗೆಯಲ್ಲಿ ಎರಡು ಸರೋವರಗಳ ನಡುವಣ ಕಾಡಿನಲ್ಲಿ ಶಿಬಿರವನ್ನು ಸ್ಥಾಪಿಸಿದರು. ಮೊದಲ ವರ್ಷ ಅಲ್ಲಿಗೆ ಬಂದವರು ನೂರಕ್ಕೆ ತುಸು ಮೇಲ್ಪಟ್ಟ ವಿದ್ಯಾರ್ಥಿಗಳು ಮಾತ್ರ. ಆ ಶಿಬಿರಕ್ಕೆ 2028ರಲ್ಲಿ ನೂರು ವರ್ಷಗಳು ತುಂಬುತ್ತವೆ.

ಅಲ್ಲಿ ಮಕ್ಕಳಿಗೆ ದೊರೆಯುವುದು ಕೇವಲ ಸ್ವರಜ್ಞಾನವಲ್ಲ. ಧನಿಕನ ಮಗನಿಗೂ ಬಡವನ ಮಗನಿಗೂ ಒಂದೇ ಬಗೆಯ ನೀಲಿಯ ಸಮವಸ್ತ್ರ. ವಾದ್ಯವೃಂದದಲ್ಲಿ ಯಾರು ಮುಂದಿನ ಪೀಠದಲ್ಲಿ ಕೂಡತಕ್ಕವರೆಂಬುದನ್ನು ವಾರವಾರವೂ ಸ್ಪರ್ಧೆಯಿಂದ ನಿರ್ಣಯಿಸುವ ಪದ್ಧತಿಯು ಬಹುಕಾಲ ನಡೆದು ಬಂದಿತು. ತೀರ್ಪು ಹೇಳುವವರು ಜೊತೆಗಾರರೇ. ಇಂದು ಗೆದ್ದವನು ಬರುವ ವಾರ ಸೋಲಬಹುದು. ಸೋತವನು ತನ್ನನ್ನು ಸೋಲಿಸಿದವನ ಪಕ್ಕದಲ್ಲಿಯೇ ಕುಳಿತು ಅದೇ ಕೃತಿಯನ್ನು ನುಡಿಸಬೇಕು. ಈ ಪದ್ಧತಿಯು ಎಳೆಯ ಮನಸ್ಸುಗಳಿಗೆ ಕಠಿನವೆಂದು ಹೇಳುವವರನ್ನು ನಾವು ಅಲ್ಲಗಳೆಯುವುದಿಲ್ಲ. ಇನ್ನೊಂದು ಪದ್ಧತಿಯಾದರೋ ಹೃದಯಂಗಮವಾದದ್ದು. ಕಛೇರಿಯ ಕೊನೆಯಲ್ಲಿ ಹೋವರ್ಡ್ ಹ್ಯಾನ್ಸನ್ನರ ಎರಡನೆಯ ಸಿಂಫನಿಯ ಒಂದು ಭಾಗವನ್ನು ನುಡಿಸುತ್ತಾರೆ. ಅದು ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಸಾವಿರ ಜನ ಕೂಡಿದಲ್ಲಿ ಹೊಗಳಿಕೆಯನ್ನು ಬಯಸದೆ ಮೌನವಾಗಿ ಎದ್ದು ಹೋಗುವುದನ್ನು ಹದಿನೈದರ ವಯಸ್ಸಿನಲ್ಲಿ ಕಲಿತವನು ಮುಂದೆ ಅದನ್ನು ಸುಲಭವಾಗಿ ಮರೆಯಲಾರನು.

ಅಲ್ಲಿಂದ ಹೊರಬಿದ್ದವರಲ್ಲಿ ಕೀರ್ತಿಶಾಲಿಗಳು ಇಲ್ಲದಿಲ್ಲ. 1939ರಲ್ಲಿ ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಇಂಟರ್‌ಲಾಕನ್ ವಾದ್ಯವೃಂದವನ್ನು ನಡೆಯಿಸಿದ ಒಂಬತ್ತು ವರ್ಷದ ಬಾಲಕ ಲೋರಿನ್ ಮಝೇಲ್, 2008ರಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವೃಂದವನ್ನು ಉತ್ತರ ಕೊರಿಯದ ರಾಜಧಾನಿಗೆ ಕರೆದೊಯ್ದು ನುಡಿಸಿದ ನಾಯಕನಾದನು. ಪಂಡಿತ ರವಿಶಂಕರರ ಮಗಳು ನೋರಾ ಜೋನ್ಸ್ ಸಹ ಅಲ್ಲಿಯ ಬೇಸಗೆಗಳನ್ನು ಕಂಡವರು. ಆದರೆ ಇಂತಹ ಹೆಸರುಗಳನ್ನು ಎಣಿಸಿ ಶಿಬಿರದ ಬೆಲೆ ಕಟ್ಟುವುದು ತಪ್ಪು. ಅಮೆರಿಕದ ವೃತ್ತಿಗಾರ ಸಂಗೀತಗಾರರ ಸಂಘವು ಈ ತಪ್ಪನ್ನೇ ಮಾಡಿತು. ಮಕ್ಕಳ ವಾದನದಿಂದ ತಮ್ಮ ಜೀವನೋಪಾಯಕ್ಕೆ ಕುಂದು ಬಂದೀತೆಂದು ಹೆದರಿ, ಶಿಬಿರದ ಕಛೇರಿಗಳು ರೇಡಿಯೋದಲ್ಲಿ ಪ್ರಸಾರವಾಗದಂತೆ ಅದು 1942ರಲ್ಲಿ ತಡೆಯಿತು. ಕಲಿಯುವ ಪ್ರತಿಯೊಂದು ಮಗುವನ್ನೂ ಮುಂದಿನ ವೃತ್ತಿಗಾರನೆಂದು ಭಾವಿಸಿದ್ದರಿಂದಲೇ ಈ ಭೀತಿ ಹುಟ್ಟಿತು. ನಮ್ಮ ತಂದೆತಾಯಿಗಳ ನಿರಾಶೆಗೂ ಇದೇ ಭಾವನೆಯೇ ಕಾರಣ.

ಬೇರೆ ದಾರಿಯನ್ನು ಹಿಡಿದವರ ಬಾಳಿನಲ್ಲಿ ಸಂಗೀತವು ಏನು ಮಾಡಿತೆಂಬುದೇ ನಿಜವಾದ ಪರೀಕ್ಷೆ. ಗೂಗಲ್ ಸಂಸ್ಥೆಯನ್ನು 1998ರಲ್ಲಿ ಸ್ಥಾಪಿಸಿದ ಇಬ್ಬರಲ್ಲಿ ಒಬ್ಬರಾದ ಲ್ಯಾರಿ ಪೇಜ್, 1980ರ ದಶಕದಲ್ಲಿ ಈ ಶಿಬಿರದಲ್ಲಿ ಕಲಿತವರು. ಗಣಕಯಂತ್ರದ ಕೆಲಸದಲ್ಲಿ ತಮಗಿರುವ ವೇಗದ ಹಂಬಲವು ಸಂಗೀತದ ಶಿಕ್ಷಣದಿಂದಲೇ ಬಂದಿತೆಂದು ಅವರು ತಾವಾಗಿ ಹೇಳಿಕೊಂಡಿದ್ದಾರೆ. ತಾಳ ತಪ್ಪಿದರೆ ಸಭೆಯಲ್ಲಿ ಮಾನ ಉಳಿಯದೆಂಬುದನ್ನು ಅರಿತ ನಮಗೆ ಈ ಮಾತು ವಿಚಿತ್ರವೆಂದು ತೋರಲಾರದು.

ಒಬ್ಬರ ಮಾತಿನಿಂದ ಸಿದ್ಧಾಂತವನ್ನು ಕಟ್ಟುವುದು ಸರಿಯಲ್ಲವೆಂಬುದನ್ನು ಬಲ್ಲೆವು. ಇಂತಹ ಶಿಬಿರಗಳಿಗೆ ಹೋಗುವ ಮಕ್ಕಳಲ್ಲಿ ಅನೇಕರು ಅನುಕೂಲಸ್ಥರ ಮನೆಯವರು, ಮೊದಲೇ ಅಭಿರುಚಿಯುಳ್ಳವರು; ಅವರ ಏಳಿಗೆಯನ್ನೆಲ್ಲ ಶಿಬಿರದ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ. ಇಂದು ಅಲ್ಲಿಯ ಶುಲ್ಕವು ಸಾವಿರಾರು ಡಾಲರುಗಳಾಗಿರುತ್ತದೆ. ವಿದ್ಯಾರ್ಥಿವೇತನಗಳು ಉಂಟಾದರೂ, ಸಮವಸ್ತ್ರವು ಅಳಿಸುವ ಭೇದವನ್ನು ಶುಲ್ಕವು ಬಾಗಿಲಲ್ಲಿಯೇ ನಿಲ್ಲಿಸಿ ಎಣಿಸುತ್ತದೆಯೆಂಬ ಆಕ್ಷೇಪಣೆಗೆ ಪೂರ್ಣ ಸಮಾಧಾನವಿಲ್ಲ. ಹತ್ತು ಮನೆಗಳ ಮಕ್ಕಳು ಒಂದಾಗಿ ನುಡಿಸುವುದರಿಂದಲೇ ಒಳ್ಳೆಯದಾಗುವುದಾದರೆ, ಆ ಹತ್ತು ಮನೆಗಳಲ್ಲಿ ಬಡವರ ಮನೆಯೂ ಇರತಕ್ಕದ್ದು.

ನಮ್ಮ ಊರುಗಳಲ್ಲಿಯೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಬೇಸಗೆಯ ಶಿಬಿರಗಳು ನಡೆಯುತ್ತಿವೆ. ಅವುಗಳನ್ನು ನಡೆಯಿಸುವವರಿಗೆ ನಮ್ಮ ವಿಜ್ಞಾಪನೆಯಿಷ್ಟೆ: ಕೊನೆಯ ದಿನ ವೇದಿಕೆಯ ಮೇಲೆ ಒಂದು ಮಗುವನ್ನು ಮೆರೆಯಿಸುವುದಕ್ಕಿಂತ, ಇಪ್ಪತ್ತು ಮಕ್ಕಳು ಒಂದೇ ಶ್ರುತಿಯಲ್ಲಿ ನಿಲ್ಲುವಂತೆ ಮಾಡಿರಿ; ಶುಲ್ಕ ಕೊಡಲಾರದವರಿಗೂ ಸ್ಥಳವನ್ನು ಕಾದಿರಿಸಿರಿ. ಭಜನೆಯ ಮೇಳಗಳನ್ನು ಕಂಡ ನಾಡಿಗೆ ಕೂಡಿ ಹಾಡುವುದು ಹೊಸದಲ್ಲ. ತಂದೆತಾಯಿಗಳಾದರೂ ಮಗುವು ವಿದ್ವಾಂಸನಾಗುವನೋ ಇಲ್ಲವೋ ಎಂದು ಅಳೆಯುವುದನ್ನು ಬಿಡಬೇಕು. ಕಛೇರಿಯ ಗುಮಾಸ್ತನಾಗಲಿ, ವೈದ್ಯನಾಗಲಿ, ನ್ಯಾಯಾಧೀಶನಾಗಲಿ, ತನ್ನ ಸ್ವರವನ್ನು ಎತ್ತುವ ಮೊದಲು ಪಕ್ಕದವನ ಸ್ವರಕ್ಕೆ ಕಿವಿಗೊಡುವುದನ್ನು ಬಾಲ್ಯದಲ್ಲಿಯೇ ಕಲಿತವನಾದರೆ, ಅವನಿಂದ ಸಮಾಜಕ್ಕೆ ಆಗುವ ಪ್ರಯೋಜನವು ಅಲ್ಪವಲ್ಲ. ಪ್ರಜಾರಾಜ್ಯಕ್ಕೆ ಅಂತಹವರ ಅಗತ್ಯವು ಎಂದೆಂದಿಗೂ ಇರುವುದೇ.